ಹಡಗಿನಲ್ಲಿ ಅವಳೊಬ್ಬಳೇ ಇದ್ದ ದಿನ

ಹೈದರಾಬಾದಿನ ಕೊಂಡಾಪುರದಲ್ಲಿರುವ ನಮ್ಮ ಆಫೀಸಿನಲ್ಲಿ ಈಚೆಗೆ ನನಗೊಂದು ಹೊಸ ಉದ್ಯೋಗ ಅಂಟಿಕೊಂಡಿದೆ. ಹಡಗಿನ ಪ್ರವಾಸ ಮಾಡಬೇಕೆಂದು ಹೊರಟ ಹುಡುಗ ಹುಡುಗಿಯರೆಲ್ಲ ಮೊದಲು ನನ್ನ ಟೇಬಲ್ಲಿಗೆ ಬರುತ್ತಾರೆ. "ಅಕ್ಕಾ, ಫ್ರೆಂಡ್ಸ್ ಎಲ್ಲ ಸೇರಿ ಫಸ್ಟ್ ಟೈಮ್ ಕ್ರೂಸ್ ಹೋಗ್ತಿದೀವಿ, ಯಾವುದು ತಗೊಳ್ಳೋದು?" ನಾನೂ ದೊಡ್ಡ ಪಂಡಿತಳ ಹಾಗೆ ಹೇಳುತ್ತೇನೆ. ಮೊದಲನೇ ಸಲಕ್ಕೆ ತುಂಬ ದಿನದ್ದು ಬೇಡ. ಹೊಟ್ಟೆ ತೊಳಸುವವರಿದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನ ಕೋಣೆ ನೋಡಿ. ಬಾಲ್ಕನಿಗಾಗಿ ಜಗಳ ಆಡಬೇಡಿ, ಹೋದ ಮೇಲೆ ಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಅವರು ಫೋನಿನಲ್ಲಿ ಬರೆದುಕೊಂಡು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಇದನ್ನೆಲ್ಲ ನನಗೆ ಕಲಿಸಿದವಳು ಈಗ ಇಲ್ಲ ಎನ್ನುವುದನ್ನು ಮಾತ್ರ ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಅವರ ಮುಖ ಸಣ್ಣದಾಗುತ್ತದೆ, ಹಿಂದೆಯೇ ಆ ಹಾಳು ಪದ ಬರುತ್ತದೆ: "ಅಯ್ಯೋ, ಪಾಪ!"

ಆ ಪದ ಅವಳಿಗೆ ಆಗಿಬರುತ್ತಿರಲಿಲ್ಲ. ಅವಳೆದುರು ಯಾರಾದರೂ ಪಾಪ ಎಂದರೆ, ಅದು ಬೀದಿ ನಾಯಿಗೇ ಅಂದಿರಲಿ, ಅಂದವರು ಎದ್ದು ಹೋಗಿ ಎಲ್ಲರಿಗೂ ಚಹಾ ತರಬೇಕು ಎಂದು ಕಾಯ್ದೆ ಮಾಡಿಟ್ಟಿದ್ದಳು. ನಮ್ಮ ಗುಂಪಿನ ಸ್ರವಂತಿ ವಾರಂಗಲ್ಲಿನ ಮೆದು ಮನಸ್ಸಿನ ಹುಡುಗಿ. ಅವಳಂತೂ ಸದಾ ಟ್ರೇ ಹಿಡಿದುಕೊಂಡೇ ಓಡಾಡುತ್ತಿದ್ದಳು. ಹಡಗಿನ ಪಾಠ ಕಲಿಸಿದವಳ ಹೆಸರನ್ನು ಇಲ್ಲಿ ಬರೆಯದೆ ಇರುವುದೂ ಅದಕ್ಕೇ. ಗುರುತಿದ್ದವರು ಓದಿದರೆ ಮೊದಲು ಆ ಪದವನ್ನೇ ಅನ್ನುತ್ತಾರೆ, ನನಗೆ ಮೈ ಉರಿಯುತ್ತದೆ.

ಅವಳಿಗೆ ಹುಟ್ಟಿನಿಂದಲೇ ಸ್ನಾಯುಗಳು ಸೋಲುತ್ತಾ ಹೋಗುವ ಕಾಯಿಲೆ. ಚಿಕ್ಕವಳಿದ್ದಾಗ ಗೋಡೆ ಹಿಡಿದು ನಡೆದಿದ್ದಳಂತೆ. ನಾನು ನೋಡುವ ಹೊತ್ತಿಗೆ ಬ್ಯಾಟರಿಯ ಗಾಲಿಕುರ್ಚಿ ಬಂದಿತ್ತು. ಬಲಗೈ ಬೆರಳುಗಳಲ್ಲಿ ಮಾತ್ರ ಕುರ್ಚಿಯ ಗುಂಡಿ ತಿರುಗಿಸುವಷ್ಟು, ಮೌಸ್ ಒತ್ತುವಷ್ಟು ಕಸುವು ಉಳಿದಿತ್ತು. ಆ ಕೈ ಜಾರಿ ತೊಡೆಯ ಮೇಲೆ ಬಿದ್ದರೆ ಅದಕ್ಕಿಂತ ಸೋತ ಎಡಗೈಯಿಂದ ತಳ್ಳಿ ತಳ್ಳಿ ಅದನ್ನು ಜಾಗಕ್ಕೆ ತರುತ್ತಿದ್ದಳು, ಹಟ ಹಿಡಿದ ಮಗುವನ್ನು ಶಾಲೆಗೆ ನೂಕಿದ ಹಾಗೆ. ನೋಡಲಾರದೆ ನಾವು ಕೈ ಚಾಚಿದರೆ ಗದರುತ್ತಿದ್ದಳು. "ಕೇಳಿದ್ನೇನು ನಾ? ಕೇಳಿದಾಗ ಮಾಡ್ರಿ."

ಬಾಗಲಕೋಟೆ ಕಡೆಯ ಮನೆತನ. ಅಪ್ಪ ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆಂದು ಬಂದವರು ಹೈದರಾಬಾದಿನವರೇ ಆಗಿ, ಮಿಯಾಪುರದಲ್ಲಿ ಲಿಫ್ಟ್ ಇರುವ ಮನೆ ಹುಡುಕಿ ಕೊಂಡಿದ್ದರು. ನಾನು ಅಲ್ಲಿಗೆ ಹೋಗಿ ಬರತೊಡಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು, ಮನೆಯಲ್ಲಿ ಅವ್ವ, ಮಗಳು ಇಬ್ಬರೇ. ಇವಳು ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಪಕ್ಕದ ಮನೆಯವರೊಂದಿಗೆ ತೆಲುಗು, ಕ್ಯಾಬ್ ಡ್ರೈವರುಗಳೊಂದಿಗೆ ಇಲ್ಲಿಯ ಹಿಂದಿ, ಬೈಯುವುದಕ್ಕೆ ಮಾತ್ರ ಅವ್ವನ ಕನ್ನಡ. ನಾನು ಮೈಸೂರಿನವಳು. ನನ್ನ ಮಾತು ಕೇಳಿ ಮೊದಲ ದಿನವೇ ತೀರ್ಪು ಕೊಟ್ಟಳು: "ನಿಮ್ಮ ಕನ್ನಡ ಕೇಳಿದ್ರ ಯಾರೋ ಜೋಗುಳ ಹಾಡಿದಂಗ ಆಗ್ತೈತಿ ನೋಡು. ಜಗಳಾ ಮಾಡಾಕ ಒಟ್ಟ ಉಪಯೋಗಿಲ್ಲ."

ಆದರೂ ನಮ್ಮ ಸ್ನೇಹ ಶುರುವಾದದ್ದು ಜಗಳದಿಂದಲೇ. ನಾನು ಪ್ರೋಗ್ರಾಂ ಬರೆಯುವವಳು, ಅವಳು ಅದು ಎಲ್ಲಿ ಮುರಿಯುತ್ತದೆ ಎಂದು ಹುಡುಕುವವಳು. ನನ್ನ ಕೆಲಸವನ್ನೆಲ್ಲ ಅಷ್ಟು ಸಂತೋಷದಿಂದ ಮುರಿದು ಹಾಕಿದವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸಿಟ್ಟು ಬಂದು ಅವಳ ಡೆಸ್ಕಿಗೇ ಹೋಗಿ, ಇಂಥಾ ವಿಚಿತ್ರ ಕೆಲಸವನ್ನು ಯಾವ ಗ್ರಾಹಕ ಮಾಡುತ್ತಾನೆ ಎಂದು ಕೂಗಾಡಿದೆ. ತಲೆ ಎತ್ತಿ ನೋಡಿ, "ನಾ ಮಾಡ್ತೀನಲ್ಲ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಉಂಡಿಯೇನು?" ಅಂತ ಕೇಳಿದಳು. ಅವಳ ಬಾಯಿಂದ ಕ್ಷಮಿಸು ಎನ್ನುವ ಮಾತು ಯಾವತ್ತೂ ಬಂದದ್ದಿಲ್ಲ, ಅದರ ಬದಲಿಗೆ ಬರುತ್ತಿದ್ದದ್ದು ಇದು. ಇದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ದೇವತೆ ಅಂತ ತಿಳಿಯಬೇಡಿ. ಭಾರಿ ಕಟು ನಾಲಿಗೆ. ಸುಳ್ಳು ಹೇಳುತ್ತಿದ್ದಳು. ಏಸಿ ರಿಮೋಟನ್ನು ತನ್ನ ತೊಡೆಯ ಕೆಳಗೆ ಇಟ್ಟುಕೊಂಡು ಇಡೀ ಕೋಣೆಯನ್ನು ಬೇಯಿಸುತ್ತಿದ್ದಳು. ಒಮ್ಮೆ ಯಾರದೋ ಮದುವೆಯಲ್ಲಿ ಒಬ್ಬ ಹೆಂಗಸು ಇವಳ ಮುಖವನ್ನೂ ನೋಡದೆ ಇವಳ ಅವ್ವನನ್ನು ಕೇಳಿದರು, "ಈಕಿ ಏನ್ ತಿಂತಾಳ್ರಿ?" ಅಂತ. ಅವ್ವ ಬಾಯಿ ತೆರೆಯುವುದರೊಳಗೆ ಇವಳೇ ಹೇಳಿದಳು, "ಮಂದೀನ ತಿಂತೀನ್ರಿ. ಇವತ್ತ ಇನ್ನೂ ಸಿಕ್ಕಿಲ್ಲ." ಆ ಹೆಂಗಸು ಪಂಕ್ತಿ ಬದಲಾಯಿಸಿದರಂತೆ.

ಹಡಗಿನ ಮಾತು ಹುಟ್ಟಿದ್ದು ವಿಕಾರಾಬಾದಿನಲ್ಲಿ. ನಾವು ನಾಲ್ವರು, ಅಂದರೆ ನಾನು, ಅವಳು, ಸ್ರವಂತಿ ಮತ್ತು ಉಡುಪಿ ಕಡೆಯ ಪ್ರಶಾಂತ, ಅಲ್ಲಿಯ ಒಂದು ರೆಸಾರ್ಟಿಗೆ ಹೋಗಿದ್ದೆವು. ಗಾಲಿಕುರ್ಚಿ ಬರುತ್ತದೆ ಎಂದು ಫೋನಿನಲ್ಲಿ ಹೇಳಿದ್ದೆವು, ಬರಲಿ ಮೇಡಂ ಅಂದಿದ್ದರು. ಹೋಗಿ ನೋಡಿದರೆ ಊಟಕ್ಕೆ ಮೆಟ್ಟಿಲು, ಕೋಣೆಗೆ ಮೆಟ್ಟಿಲು, ಎಲ್ಲಿಗೆ ಹೋದರೂ ಮೆಟ್ಟಿಲು. ಅಲ್ಲಿಯ ಹುಡುಗರನ್ನು ಕರೆದು ಕುರ್ಚಿ ಸಮೇತ ಎತ್ತಿಸಿದೆವು, ಇಳಿಸಿದೆವು, ಮತ್ತೆ ಎತ್ತಿಸಿದೆವು. ಬೇರೆ ಪ್ರವಾಸಿಗರು ಊಟ ಬಿಟ್ಟು ನೋಡುತ್ತಿದ್ದರು. ಮೂರನೇ ಸಲ ಎತ್ತಿದಾಗ ಮೇಲಿನಿಂದಲೇ ಹೇಳಿದಳು, "ನಾನೇನ್ ಗಣಪತಿಯೇನು? ಇಷ್ಟ ಮೆರವಣಗಿ ಮಾಡೀರಿ, ಇನ್ನ ಹಂಗ ಒಯ್ದು ಹುಸೇನ್ ಸಾಗರದಾಗ ಬಿಟ್ಟ ಬಿಡ್ರಿ." ಎಲ್ಲರೂ ನಕ್ಕೆವು. ಅವಳೂ ನಕ್ಕಳು, ಆದರೆ ವಾಪಸ್ ಬರುವಾಗ ಕಾರಿನಲ್ಲಿ ಮಾತಾಡಲಿಲ್ಲ. ಶಂಕರಪಲ್ಲಿ ದಾಟಿದ ಮೇಲೆ ಇದ್ದಕ್ಕಿದ್ದಂತೆ ಅಂದಳು: "ಮುಂದಿನ ಸಲ ಹಡಗು. ಒಮ್ಮೆ ಏರಿದ್ರ ಮುಗೀತು. ಊಟ, ಹಾಸಿಗಿ, ಊರು ಎಲ್ಲಾ ಅದ ನಮ್ಮ ಕಡೆ ಬರ್ತೈತಿ."

ಅಲ್ಲಿಂದ ಪ್ರತಿ ಶನಿವಾರ ಮಿಯಾಪುರದ ಅವಳ ಮನೆಯಲ್ಲಿ ನಮ್ಮ ಸಭೆ. ಕೈ ಇನ್ನಷ್ಟು ಸೋತು ಅವಳು ಮನೆಯಿಂದಲೇ ಕೆಲಸ ಮಾಡತೊಡಗಿದ್ದ ಕಾಲ ಅದು. ಅವಳ ಅವ್ವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿ ನಮಗೆ ಬಡಿಸಿ ತಾವು ಸುಮ್ಮನೆ ಕೂರುತ್ತಿದ್ದರು. ಶನಿವಾರ ಅವರಿಗೆ ಒಪ್ಪತ್ತು. ಮಗಳ ಕಾಯಿಲೆ ಗೊತ್ತಾದ ವರ್ಷದಿಂದ ಹಿಡಿದ ವ್ರತ, ಹಗಲು ಏನೂ ಮುಟ್ಟುತ್ತಿರಲಿಲ್ಲ. ಮಗಳಿಗೆ ಉಣಿಸುವುದೇ ಅವರಿಗೆ ಒಂದು ದೊಡ್ಡ ಕೆಲಸ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಬೆರಳ ತುದಿಯಷ್ಟು ತುತ್ತು ಮಾಡಿ ಬಾಯಿಗಿಟ್ಟು, ಗಂಟಲು ಇಳಿಯುವ ತನಕ ಅಲ್ಲೇ ಕಣ್ಣಿಟ್ಟು ನೋಡಿ, ಆಮೇಲೆ ಮುಂದಿನ ತುತ್ತು. ಅವಳಿಗೆ ಗಟ್ಟಿಯಾಗಿ ಕೆಮ್ಮಲು ಆಗುತ್ತಿರಲಿಲ್ಲ. ಒಂದು ಅಗುಳು ತಪ್ಪು ದಾರಿ ಹಿಡಿದರೂ ಪ್ರಾಣಕ್ಕೆ ಬರುವಂಥದ್ದು. ನಾವು ನಗಿಸುತ್ತಿದ್ದರೆ ಅವ್ವ ಕೈ ಎತ್ತಿ ತಡೆಯುತ್ತಿದ್ದರು, "ತಡೀರಿ ತಡೀರಿ, ಬಾಯಾಗ ಐತಿ."

ಹಡಗು ಆರಿಸುವುದು ಅಂದರೆ ಅವಳಿಗೆ ಆಫೀಸಿನ ಕೆಲಸವೇ. ಹೋಗಿ ಬಂದವರು ಹೊಗಳಿ ಬರೆದದ್ದನ್ನು ಓದುತ್ತಲೇ ಇರಲಿಲ್ಲ, ಬೈದು ಬರೆದದ್ದನ್ನು ಮಾತ್ರ ಓದುತ್ತಿದ್ದಳು. ಯಾವ ಹಡಗಿನ ಬಚ್ಚಲಿನ ಬಾಗಿಲು ಕಿರಿದು, ಯಾವುದರ ಲಿಫ್ಟಿನ ಮುಂದೆ ಜಾತ್ರೆ, ಎಲ್ಲಿ ಕುರ್ಚಿಯ ಬ್ಯಾಟರಿಗೆ ತಕರಾರು ತೆಗೆಯುತ್ತಾರೆ, ಎಲ್ಲವೂ ಅವಳ ತಲೆಯಲ್ಲಿ. ಸ್ರವಂತಿಗೆ ಸಿಂಗಪುರದಿಂದ ಹೊರಡುವ ದೊಡ್ಡ ಹಡಗೇ ಬೇಕು, ಅದರಲ್ಲಿ ಜಾರುಬಂಡೆ ಇದೆ ಅಂತ. "ಜಾರುಬಂಡಿ ಬೇಕಂದ್ರ ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಗೆ ಬಾ, ನಾ ಹಿಂದಿಂದ ನೂಕ್ತೀನಿ" ಅಂದಳು ಇವಳು. ಪ್ರಶಾಂತನಿಗೆ ಮುಂಬೈನಿಂದ ಗೋವಾ ಸಾಕು. "ಸಮುದ್ರದ್ದು ನನ್ನತ್ರ ಕೇಳಿ ಮಾರಾಯ್ತಿ, ನಾನು ಹುಟ್ಟಿದ್ದೇ ಕಡಲಿನ ಬದಿಗೆ" ಅಂತ ಅವನ ಪ್ರತಾಪ. ನನಗೆ ಯಾವುದಾದರೂ ಸರಿ, ಬೇಗ ಒಂದು ಆಗಲಿ ಅಂತ. ಅವಳ ಬೆರಳುಗಳನ್ನು ನಾನು ನೋಡುತ್ತಿದ್ದೆನಲ್ಲ, ನನಗೆ ಒಳಗೊಳಗೇ ಭಯ ಶುರುವಾಗಿತ್ತು.

ಅವಳು ಮಾತ್ರ ಲಕ್ಷದ್ವೀಪಕ್ಕೆ ಹೋಗುವ ಹಡಗನ್ನು ಬಿಡಲೊಲ್ಲಳು. ಅದರಲ್ಲಿ ಒಂದು ತೊಡಕಿತ್ತು. ಗೋವಾದಲ್ಲಾದರೆ ಹಡಗು ದಡಕ್ಕೇ ಬಂದು ನಿಲ್ಲುತ್ತದೆ, ಕುರ್ಚಿ ಉರುಳಿಸಿಕೊಂಡೇ ಇಳಿಯಬಹುದು. ದ್ವೀಪದ ಹತ್ತಿರ ಅಷ್ಟು ದೊಡ್ಡ ಹಡಗು ಹೋಗುವುದಿಲ್ಲ, ದೂರದಲ್ಲಿ ಲಂಗರು ಹಾಕುತ್ತದೆ. ಜನ ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಅಲೆಗೆ ಏಳುತ್ತ ಬೀಳುತ್ತ ಇರುವ ದೋಣಿಗೆ ಅವಳನ್ನು ಇಳಿಸುವುದು ಸಾಧ್ಯವೇ ಇಲ್ಲದ ಮಾತು. ಈ ತೊಡಕನ್ನು ನಮಗೆ ತೋರಿಸಿದವಳೂ ಅವಳೇ. ತೋರಿಸಿ, ಮತ್ತೆ ಅದೇ ಹಡಗು ಬೇಕು ಅಂತ ಕೂತಳು.

ನಾವು ಮೂವರು ಆಗ ಒಂದು ಘನಂದಾರಿ ಕೆಲಸ ಮಾಡಿದೆವು. ಅವಳಿಲ್ಲದ ಇನ್ನೊಂದು ವಾಟ್ಸಾಪ್ ಗುಂಪು ಮಾಡಿಕೊಂಡು ನಮ್ಮ ನಮ್ಮಲ್ಲೇ ಮಾತಾಡಿಕೊಂಡೆವು. ಅವಳಿಗೆ ಲಕ್ಷದ್ವೀಪವೇ ಬೇಕಾದರೆ ಆಗಲಿ, ಆದರೆ ನಮ್ಮಲ್ಲಿ ಯಾರೂ ದೋಣಿ ಹತ್ತುವುದು ಬೇಡ. ದ್ವೀಪ ಎಲ್ಲಿಗೂ ಓಡಿಹೋಗುವುದಿಲ್ಲ. ಎಲ್ಲರೂ ಹಡಗಿನಲ್ಲೇ ಅವಳ ಸುತ್ತ ಕೂತು ಇಸ್ಪೀಟು ಆಡೋಣ. ಸ್ರವಂತಿ ಅದನ್ನು ಬರೆಯುತ್ತ ಅತ್ತೇ ಬಿಟ್ಟಿದ್ದಳಂತೆ. ಸಹಾಯಕ್ಕೆಂದು ಅವ್ವ ಹೇಗೂ ನಮ್ಮ ಜೊತೆ ಬರುವವರಿದ್ದರು, ಅವರಿಗೂ ಹೇಳಿದೆವು. ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ ಮುಂದಿನ ಶನಿವಾರ ರೊಟ್ಟಿಯ ಜೊತೆ ಹೋಳಿಗೆ ಮಾಡಿದ್ದರು.

ಹೋಳಿಗೆಯೇ ನಮ್ಮ ಗುಟ್ಟು ರಟ್ಟು ಮಾಡಿತು. "ಯಾವ ಹಬ್ಬಾ ಇವತ್ತ?" ಅಂತ ಅವಳು ಕೇಳಿದಳು. ಅವ್ವನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲದು. "ನಿನ್ನ ಗೆಳ್ಯಾರು ಭಾಳ ಚಲೋ ಮಂದಿ ಅವ್ವಾ. ಯಾರೂ ನಿನ್ನ ಬಿಟ್ಟು ಇಳಿಯಾಂಗಿಲ್ಲಂತ. ನೀ ಒಬ್ಬಾಕಿ ಆಗಾಂಗಿಲ್ಲ."

ಅವಳ ಮುಖ ಕೆಂಪಾಯಿತು. ನಾನು ಸಂತೋಷಕ್ಕೆ ಅಂದುಕೊಂಡೆ. ಅವಳು ಕುರ್ಚಿಯನ್ನು ಗರಕ್ಕನೆ ತಿರುಗಿಸಿದಳು, ಟೀಪಾಯಿಗೆ ಬಡಿದು ನೀರಿನ ಲೋಟ ಉರುಳಿತು.

"ಯಾರು ಕೇಳಿದ್ರು ನಿಮಗ?" ಅಂದಳು. "ಹೇಳ್ರಿ, ಯಾರು ಕೇಳಿದ್ರು? ನಾ ಒಬ್ಬಾಕೀನ ಆಗಬೇಕಂತನ ಆ ಹಡಗ ಹುಡುಕೇನಿ."

ನಮಗೆ ತಲೆಬುಡ ತಿಳಿಯಲಿಲ್ಲ. ಸ್ರವಂತಿ ಮೆಲ್ಲಗೆ "ಅದಿ ಕಾದೇ, ಹಾಗಲ್ಲ, ನೀ ಬೇಜಾರು..." ಎಂದು ಶುರು ಮಾಡಿದಳು. ಇವಳು ಬಿಡಲಿಲ್ಲ.

"ಹುಟ್ಟಿದಾಗಿಂದ ಒಂದ ತಾಸರ ನಾ ಒಬ್ಬಾಕಿ ಇದ್ದದ್ದಿಲ್ಲ. ಮಲಗಿದ್ರ ಅವ್ವ ಬಾಜೂಕ. ಬಚ್ಚಲದಾಗ ಅವ್ವ. ಆಫೀಸಿನ್ಯಾಗ ನೀವು. ಅಳಬೇಕಂದ್ರ ಕಣ್ಣೀರ ಒರಸಾಕ ಒಬ್ರು ಬೇಕು. ಒರಸಿದವರು ಯಾಕ ಅತ್ತಿ ಅಂತ ಕೇಳ್ತಾರ. ಹೇಳಬೇಕು. ನಂದು ಅಂತ ಒಂದರ ಇರಬ್ಯಾಡೇನು, ಯಾರಿಗೂ ಹೇಳಲಾರದ್ದು?"

"ಹಂಗಾರ ಮನ್ಯಾಗ ಇರು. ನಾ ಒಂದ ತಾಸು ಗುಡಿಗೆ ಹೋಗಿ ಬರ್ತೀನಿ" ಅಂದರು ಅವ್ವ.

"ಗುಡೀತನಕ ಎಲ್ಲಿ ಹೋಗ್ತಿ ನೀ? ಲಿಫ್ಟ್ ಇಳಿದು ಗೇಟಿಗೆ ಹೋಗಿ ತಿರುಗಿ ಬರ್ತಿ. ಬಾಜೂ ಮನಿಯಾಕಿಗೆ ಚಾವಿ ಕೊಡ್ತಿ. ಆಕಿ ಬಂದು ಇಣಿಕಿ ನೋಡ್ತಾಳ. ಸಮುದ್ರದಾಗ ಹಂಗ ತಿರುಗಿ ಬರಾಕ ಬರಂಗಿಲ್ಲ. ದೋಣಿ ಹೋದ್ರ ಹೋತು. ಅದಕ್ಕ ನಂಗ ಆ ಹಡಗ ಬೇಕು."

ಪ್ರಶಾಂತ ಬಟ್ಟೆ ತಂದು ಚೆಲ್ಲಿದ ನೀರು ಒರೆಸಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ಮಗಳು ಬಯಸಿದ್ದು ತನ್ನಿಂದ ದೂರವನ್ನು ಎಂದು ಕೇಳಿಸಿಕೊಂಡ ತಾಯಿಗೆ ಹೇಗಾಗಿರಬೇಡ. ನನಗೆ ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸಿತ್ತು.

ಕೊನೆಗೆ ಇವಳೇ ಕುರ್ಚಿಯನ್ನು ಅವ್ವನ ಮೊಣಕಾಲಿಗೆ ತಾಗುವ ತನಕ ಒಯ್ದಳು. "ಅವ್ವಾ. ನಿಂಗ ಏನ ಅಂಜಿಕಿ ಹೇಳು. ಗಂಟಲಾಗ ಸಿಗ್ತೈತಿ ಅಂತ ಹೌದಲ್ಲೊ?"

ಅವ್ವ ಹೌದೆಂದು ತಲೆಯಾಡಿಸಿದರು.

"ಹಂಗಾರ ಅವತ್ತ ನಾ ಏನೂ ತಿನ್ನಾಂಗಿಲ್ಲ. ನೀರೂ ಕುಡಿಯಾಂಗಿಲ್ಲ. ನೀ ತಿರುಗಿ ಬರೂತನಕ ಉಪಾಸ. ಇಷ್ಟ ವರ್ಷ ನನ್ನ ಸಲವಾಗಿ ನೀ ಒಪ್ಪತ್ತು ಮಾಡೀದಿ. ಒಂದ ದಿನ ನಾ ಮಾಡ್ತೀನಿ, ನೀ ದೋಣಿಗೆ ಇಳೀಬೇಕಂತ."

ಅವ್ವ ಮಗಳ ಮುಖವನ್ನೇ ನೋಡುತ್ತಿದ್ದರು. ದೇವರ ಹೆಸರಿನಲ್ಲಿ ಹಿಡಿದ ಉಪವಾಸವನ್ನು ಬೇಡವೆನ್ನುವ ಬಾಯಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ನಿಂದು ಉಪಾಸಂದ್ರ ನಂದೂ ಉಪಾಸ" ಅಂದರು ಅವ್ವ.

"ಅದು ನಿನ್ನ ಇಷ್ಟ. ಹೊಟ್ಟಿ ನಿಂದು."

ಹೀಗೆ ನಮ್ಮ ಹಡಗು ನಿಶ್ಚಯವಾಯಿತು. ಹೋಳಿಗೆ ತಣ್ಣಗಾಗಿ ಹೋಗಿತ್ತು. ಹೊರಡುವಾಗ ಅವಳು ಸ್ರವಂತಿಯನ್ನು ಕರೆದು, "ಉಂಡಿಯೇನು?" ಅಂತ ಕೇಳಿದಳು.

ಮುಂಬೈತನಕ ರೈಲು, ಅಲ್ಲಿಂದ ಹಡಗು. ಕಡಲ ಬದಿಯಲ್ಲಿ ಹುಟ್ಟಿದ ಪ್ರಶಾಂತ ಹಡಗು ಹೊರಟ ಸ್ವಲ್ಪ ಹೊತ್ತಿಗೇ ವಾಂತಿ ಶುರು ಮಾಡಿ ಮರುದಿನದವರೆಗೆ ಹಾಸಿಗೆ ಬಿಟ್ಟು ಏಳಲಿಲ್ಲ. ಅವಳು ಅವನ ಬಾಗಿಲಿಗೆ ಹೋಗಿ ವಿಚಾರಿಸಿದ ಪರಿ ಇಲ್ಲಿ ಬರೆಯುವಂಥದ್ದಲ್ಲ. ಮೊದಲ ದಿನವಿಡೀ ಅವಳು ಹಡಗನ್ನು ಸುತ್ತಿದಳು. ಎಲ್ಲಿ ನೋಡಿದರೂ ಸಪಾಟಾದ ನೆಲ, ಅಗಲವಾದ ಬಾಗಿಲು. ಅಷ್ಟು ಉದ್ದಕ್ಕೆ ಯಾರನ್ನೂ ಕೇಳದೆ ಅವಳು ಕುರ್ಚಿ ಓಡಿಸಿದ್ದನ್ನು ನಾವು ಅದೇ ಮೊದಲು ನೋಡಿದ್ದು. ಅವ್ವ ಹಿಂದೆ ಹಿಂದೆ ಓಡುತ್ತಿದ್ದರು, "ಸಾವಕಾಶ ಹೋಗವ್ವಾ, ಸಾವಕಾಶ" ಅಂತ.

ದ್ವೀಪ ಬಂದ ಬೆಳಿಗ್ಗೆ ಅವ್ವ ಮಗಳಿಗೆ ಸ್ನಾನ ಮಾಡಿಸಿ, ಬಿಗಿಯಾಗಿ ಎರಡು ಜಡೆ ಹಾಕಿ, ಮೇಲಿನ ಡೆಕ್ಕಿನಲ್ಲಿ ನೆರಳಿರುವ ಕಡೆ ಕುರ್ಚಿ ನಿಲ್ಲಿಸಿದರು. ಬಲಗೈಯನ್ನು ಗುಂಡಿಯ ಮೇಲೆ ಸರಿಯಾಗಿ ಇಟ್ಟರು. ಕೊರಳಿಗೆ ಒಂದು ಸೀಟಿ ಕಟ್ಟಿ ಬಾಯಿಗೆ ಎಟುಕುವಂತೆ ಮಾಡಿದರು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಎಲ್ಲ ಆದ ಮೇಲೂ ಅವ್ವ ಅಲ್ಲೇ ನಿಂತರು, ಸರಿಯಾಗೇ ಇದ್ದ ಅವಳ ಕಾಲರನ್ನು ಸರಿ ಮಾಡುತ್ತ. "ಅವ್ವಾ, ದೋಣಿ ಹೊಂಟತಿ" ಅಂದಳು ಅವಳು. ಅಷ್ಟೇ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ದೋಣಿಗೆ ಇಳಿಯುವಾಗ ಅವ್ವನ ಕೈಯನ್ನು ನಾನು ಹಿಡಿದಿದ್ದೆ. ಅಲೆಗೆ ದೋಣಿ ಮೇಲೆದ್ದು ಬೀಳುತ್ತಿತ್ತು. ಅವರಿಗೆ ಅದರ ಹೆದರಿಕೆಯೇ ಇರಲಿಲ್ಲ, ಕತ್ತು ಪೂರ್ತಿ ಹಿಂದಕ್ಕೆ ತಿರುಗಿತ್ತು.

ದ್ವೀಪವನ್ನು ಏನೆಂದು ಬಣ್ಣಿಸಲಿ. ಬಿಳಿ ಮರಳು, ಹಸಿರು ನೀರು, ಫೋಟೋದಲ್ಲಿ ಇರುವ ಹಾಗೇ ಇತ್ತು. ಪ್ರಶಾಂತ, ಸ್ರವಂತಿ ಮೀನು ನೋಡಲು ನೀರಿಗಿಳಿದರು. ಅವ್ವ ಚಪ್ಪಲಿ ಬಿಟ್ಟು, ಹಡಗಿಗೆ ಮುಖ ಮಾಡಿ ಮರಳಿನ ಮೇಲೆ ಕೂತವರು ಕದಲಲಿಲ್ಲ. ದೂರದಲ್ಲಿ ಹಡಗು ಬಿಳಿಯ ಕಟ್ಟಡದ ಹಾಗೆ ನಿಂತಿತ್ತು. ಡೆಕ್ಕಿನ ಮೇಲೆ ಯಾರಿದ್ದಾರೆ, ಯಾರಿಲ್ಲ ಎಂದು ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಆದರೂ ನೋಡುತ್ತಿದ್ದರು. ಸ್ರವಂತಿ ಎಳನೀರು ತಂದು ಕೊಟ್ಟಳು. ಬೇಡ ಎನ್ನದೆ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು, ತುಟಿಗೆ ಮುಟ್ಟಿಸಲಿಲ್ಲ.

"ಆಂಟಿ, ಇಷ್ಟು ದೂರ ಬಂದಿದೀರಿ, ನೀರಿಗೆ ಕಾಲಾದರೂ ಹಾಕಿ" ಎಂದೆ. ನನ್ನ ಬಲವಂತಕ್ಕೆ ಎದ್ದು ಬಂದರು. ಅಲೆ ಬಂದು ಸೀರೆಯ ಅಂಚು ತೋಯಿಸಿತು. ಅವರು ನೀರನ್ನೂ ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ.

"ಬಿಸಲ ಆಕಿ ಕಡೆ ತಿರುಗಿರಬೇಕಲ್ಲವ್ವಾ ಈಗ?" ಅಂದರು.

"ತಿರುಗಿದರೆ ಕುರ್ಚಿ ಸರಿಸಿಕೊಳ್ಳುತ್ತಾಳೆ ಆಂಟಿ."

"ಹೌದು. ಸರಿಸ್ಕೊಂತಾಳ." ಆಮೇಲೆ ತಮ್ಮಷ್ಟಕ್ಕೆ ಇನ್ನೊಮ್ಮೆ ಅಂದರು, "ಸರಿಸ್ಕೊಂತಾಳ."

ಮಧ್ಯಾಹ್ನ ಕಳೆದು ನಾವು ವಾಪಸಾದಾಗ ಅವಳು ನಾವು ಬಿಟ್ಟು ಹೋದ ಜಾಗದಲ್ಲಿ ಇರಲಿಲ್ಲ. ಅವ್ವ ಹೆಸರು ಹಿಡಿದು ಕೂಗತೊಡಗಿದರು. ಸ್ರವಂತಿ ಆ ಕಡೆ, ನಾನು ಈ ಕಡೆ ಓಡಿದೆವು. ಹಡಗಿನ ಆ ತುದಿಯಲ್ಲಿ ಸಿಕ್ಕಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಬಿಗಿಯಾಗಿ ಹಾಕಿದ್ದ ಜಡೆಗಳಲ್ಲಿ ಒಂದು ಪೂರಾ ಬಿಚ್ಚಿ ಗಾಳಿಗೆ ಹಾರುತ್ತಿತ್ತು. ಕೂದಲು ಕಟ್ಟುವುದಿರಲಿ, ಬಿಚ್ಚುವುದೂ ಅವಳ ಕೈಲಿ ಆಗುವ ಕೆಲಸವಲ್ಲ. ಕುರ್ಚಿಯ ಬ್ಯಾಟರಿ ದೀಪ ಕೆಂಪಗೆ ಮಿನುಗುತ್ತಿತ್ತು. ಎಲ್ಲೆಲ್ಲಿ ಸುತ್ತಿದ್ದಳೋ.

"ಮೊದ್ಲ ಬಚ್ಚಲಾ, ಆಮ್ಯಾಲ ಊಟ. ಹಸಿವಿ ಆಗಿ ಸಾಯಾಕತ್ತೀನಿ" ಅಂದಳು.

ಮೊಸರನ್ನ ತರಿಸಿದೆವು. ಅವ್ವ ಕಲಸಿ ತುತ್ತು ಎತ್ತಿದರು. ಅವಳು ಬಾಯಿ ತೆರೆಯಲಿಲ್ಲ. "ನೀ ಮೊದ್ಲ" ಅಂದಳು. ಅವ್ವ ಆ ತುತ್ತನ್ನು ತಾವು ತಿಂದು ಎರಡನೆಯದನ್ನು ಅವಳ ಬಾಯಿಗಿಟ್ಟರು, ಗಂಟಲು ಇಳಿಯುವುದನ್ನು ನೋಡಿದರು. ಆಮೇಲೆ ತಡೆಯಲಾರದೆ ಕೇಳಿದರು, "ಏನ್ ಮಾಡಿದಿ ಅವ್ವಾ ಇಷ್ಟೊತ್ತು?"

"ಅದನ್ನ ಕೇಳಾಕೇನು ನಿನ್ನ ಕಳಿಸಿದ್ದು?" ಅಂದಳು. ಸಿಟ್ಟಿನಿಂದಲ್ಲ. ಅವಳ ದನಿ ಅಷ್ಟು ಮೆತ್ತಗೆ ಇದ್ದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವ್ವ ಮತ್ತೆ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಹಡಗಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ, ಮಣಿಪುರದ ಕಡೆಯವಳಿರಬೇಕು, ತಟ್ಟೆಗಳನ್ನು ಹೊತ್ತು ಹೋಗುತ್ತಿದ್ದವಳು ಇವಳನ್ನು ಕಂಡು ನಿಂತಳು. ಕುರ್ಚಿಯ ತೋಳಿಗೆ ಬೆರಳಿನಿಂದ ಟಕಟಕ ಬಡಿದು, "ಆಜ್ ಭೀ, ದೀದಿ?" ಅಂದಳು ಹಿಂದಿಯಲ್ಲಿ, ಇವತ್ತೂ ಆಗಲೇನು ಅಕ್ಕ ಅನ್ನುವ ಹಾಗೆ. ಇವಳಿಗೆ ನಗು ಬಂತು. ಎಂಥಾ ನಗು ಅಂತೀರಿ! ಅವ್ವ ಗಾಬರಿಯಾಗಿ ಬಾಯಲ್ಲಿ ಏನಾದರೂ ಇದೆಯಾ ಅಂತ ನೋಡಿದರು. ಆ ಹುಡುಗಿಯೂ ನಗುತ್ತ ಹೊರಟುಹೋದಳು. "ಏನದು?" ಅಂತ ಸ್ರವಂತಿ ಕೇಳಿದಳು. "ಏನಿಲ್ಲ" ಅಂದಳು ಇವಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಮುಂದಿನ ಚಳಿಗಾಲದಲ್ಲಿ ನೆಗಡಿ ಎದೆಗೆ ಇಳಿಯಿತು. ಕೆಮ್ಮಿ ಕಫ ಹೊರಹಾಕುವ ಶಕ್ತಿ ಇಲ್ಲದವಳಿಗೆ ನೆಗಡಿಯೇ ಸಾಕು. ಆಸ್ಪತ್ರೆಯಲ್ಲಿ ಅವಳನ್ನು ಮಗ್ಗುಲಾಗಿಸುವ ರೀತಿ ಅವ್ವನಿಗೆ ಬಿಟ್ಟು ಬೇರೆಯವರಿಗೆ ಬರಲಿಲ್ಲ. ಅದಕ್ಕೆ ಅವರನ್ನು ಒಳಗೇ ಇರಲು ಬಿಟ್ಟರು. ಅವ್ವನ ತೋಳಿನಲ್ಲೇ ಹೋದಳು. ನಾವು ಮೂವರು ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಅವಳು ಅಷ್ಟು ಬೇಗ ಹೋದದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಯಾರ ಮೇಲೆ ಅಂತ ಗೊತ್ತಿಲ್ಲ, ಸಿಟ್ಟಂತೂ ಇದೆ. ನನ್ನ ಪ್ರೋಗ್ರಾಂಗಳನ್ನು ಈಗ ಬೇರೆಯವರು ನೋಡುತ್ತಾರೆ, ಬೇಗ ಪಾಸಾಗುತ್ತವೆ. ಒಂದು ಚೂರೂ ಖುಷಿ ಆಗುವುದಿಲ್ಲ.

ಅವ್ವನನ್ನು ನೋಡಲು ಆಗಾಗ ಮಿಯಾಪುರಕ್ಕೆ ಹೋಗುತ್ತೇನೆ. ಹೋದ ಭಾನುವಾರವೂ ಹೋಗಿದ್ದೆ. ಅವರು ಕಡಲೆಬೇಳೆ ಆರಿಸುತ್ತ ಕೂತಿದ್ದರು, ನಾನೂ ಎದುರಿಗೆ ಕೂತು ಕೈಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆಯೇ ಕೇಳಿದರು, "ಒಂದ ಮಾತ ಕೇಳ್ಲೇನವ್ವಾ? ಆಕಿ ನಿನ್ನ ಮುಂದರ ಹೇಳಿದ್ಲೇನು, ಅವತ್ತ ಹಡಗಿನ್ಯಾಗ ಏನ್ ಮಾಡಿದ್ಲಂತ?"

"ಇಲ್ಲ ಆಂಟಿ. ಯಾರಿಗೂ ಹೇಳಲಿಲ್ಲ."

"ಖರೇ?"

"ಖರೇ ಆಂಟಿ."

ಅವರ ಕೈ ಬೇಳೆಯಲ್ಲೇ ನಿಂತಿತು. "ಎಷ್ಟ ತುತ್ತ ಉಂಡ್ಲು, ಯಾವ ಮಗ್ಗಲಕ್ಕ ಮಲಗಿದ್ಲು, ಉಚ್ಚಿ ಬಂದೈತೋ ಇಲ್ಲೋ, ಆಕಿಗಿಂತ ಮೊದ್ಲ ನಂಗ ತಿಳೀತಿತ್ತು. ಆಕೀದು ನಂಗ ಗೊತ್ತಿಲ್ಲದ್ದು ಅಂತ ಒಂದೂ ಇರಲಿಲ್ಲ. ಆ ಹಡಗಿನ ಹುಡುಗಿ ಇದ್ಲಲ್ಲ, ನಕ್ಕಾಕಿ? ಮುಂಬೈದಾಗ ಇಳಿಯೂಮುಂದ ನನ್ನ ಬಾಜೂಕನ ನಿಂತಿದ್ಲು. ನೀವೆಲ್ಲಾ ಸಾಮಾನ ಹಿಡದು ಮುಂದ ಹೋಗಿದ್ರಿ. ಆಕಿ ನನ್ನ ನೋಡಿ ಏನೋ ಹೇಳಾಕ ಬಂದ್ಲು. ನಂಗೂ ಹಿಂದಿ ಬರ್ತೈತಿ."

"ಏನು ಹೇಳಿದಳು ಆಂಟಿ?"

"ಬ್ಯಾಡವ್ವಾ ಅಂದೆ. ಕೈ ಮುಗಿದು, ಹೇಳಬ್ಯಾಡ ಅಂದೆ."